ಪ್ಲೇಟ್ ಹಾಕಿದ ಕೈಯ ಮೊದಲ ಸರ್ವ್

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಹೆಡ್‌ಮಾಸ್ಟರು ಹೊಸ ವೇಳಾಪಟ್ಟಿ ಕೊಟ್ಟರು. ಕಾನಸೂರಿನ ಹತ್ತಿರದ ಈ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಟೀಚರಾಗಿರುವ ನನಗೆ ಅದರಲ್ಲಿ ಇದ್ದದ್ದು ಲೈಬ್ರರಿ ಕೆಲಸ.

"ಬೇಜಾರು ಮಾಡ್ಕಬೇಡಿ ಮೇಡಂ. ಆ ಕೈ ಇಟ್ಕಂಡು ವಾಲಿಬಾಲ್ ಹೆಂಗೆ ಕಲಿಸ್ತ್ರಿ?" ಎಂದರು.

ಏಳು ತಿಂಗಳ ಹಿಂದೆ ಸ್ಕೂಟಿ ಜಾರಿ ಬಿದ್ದು ನನ್ನ ಬಲತೋಳಿನ ಮೂಳೆ ಭುಜದ ಹತ್ತಿರವೇ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಆಮೇಲೆ ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ನನ್ನ ಜಡೆ ನಾನೇ ಹಾಕಿಕೊಳ್ಳಲಾಗದೆ ಅತ್ತದ್ದೂ ಉಂಟು. ಮೊನ್ನೆ ಎಕ್ಸ್‌ರೇ ನೋಡಿದ ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಆಡಬಹುದು" ಅಂದಿದ್ದರು.

"ಸರ್, ಒಂದು ನಿಮಿಷ ಮೈದಾನಕ್ಕೆ ಬನ್ನಿ," ಎಂದೆ.

ಅಲ್ಲಿ ಹತ್ತನೇ ತರಗತಿಯ ಹುಡುಗಿಯರು ಆಡುತ್ತಿದ್ದರು. ಚೆಂಡು ಇಸಿದುಕೊಂಡು ಗೆರೆಯ ಹಿಂದೆ ನಿಂತೆ. ವೇಳಾಪಟ್ಟಿಯನ್ನು ಮಡಚಿ ಕಾಲ ಬಳಿ ಇಟ್ಟೆ. ಎಡಗೈಯಿಂದ ಚೆಂಡು ಮೇಲೆಸೆದು, ಬಲಗೈಯನ್ನು ತಲೆಯ ಮೇಲಿಂದ ಬೀಸಿ ಹೊಡೆದೆ. ಚೆಂಡು ನೆಟ್ ದಾಟಿ, ನಮ್ಮ ಕ್ಯಾಪ್ಟನ್ನಿನ ಚಾಚಿದ ಕೈಯನ್ನೂ ತಪ್ಪಿಸಿ, ಮೂಲೆಯಲ್ಲಿ ಬಿತ್ತು. ಹುಡುಗಿಯರ ಕೂಗಿಗೆ ಪಾಠ ಮಾಡುತ್ತಿದ್ದ ಮೇಷ್ಟ್ರೆಲ್ಲ ಕಿಟಕಿಗೆ ಬಂದರು.

ಹೆಡ್‌ಮಾಸ್ಟರು ನನ್ನ ಕಾಲ ಬಳಿ ಇದ್ದ ವೇಳಾಪಟ್ಟಿಯನ್ನು ತಾವೇ ವಾಪಸ್ ತೆಗೆದುಕೊಂಡರು. "ನಿಮ್ಮ ಜಾಗ ಇದೇ ಮೇಡಂ. ಇನ್ನೊಂದು ಹೊಡೀರಿ, ನೋಡ್ವ."

ಎರಡನೆಯದು ನೆಟ್ಟಿಗೆ ಬಡಿಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆ ಹುಡುಗಿಯರೆಲ್ಲ ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ.