ವಾಕರ್ ಬರುವಷ್ಟರಲ್ಲಿ ನಾಯಿ ಕೂರಬೇಕಿತ್ತು

ನಮ್ಮ ನಾಯಿಗೆ ಮನುಷ್ಯರೆಂದರೆ ಪ್ರಾಣ. ನನ್ನ ತಲೆನೋವೂ ಅದೇ ಆಗಿತ್ತು. ಬೆಲ್ ಆದರೆ ಸಾಕು, ಎಲ್ಲಿದ್ದರೂ ಓಡಿಬಂದು, ಬಂದವರ ಎದೆಗೆ ಎರಡೂ ಮುಂಗಾಲು ಕೊಟ್ಟು, ಮುಖ ನೆಕ್ಕಿಯೇ ಒಳಗೆ ಬಿಡುತ್ತಿತ್ತು. ಕೊರಿಯರ್‌ನವರು ಪಾರ್ಸೆಲ್ಲನ್ನು ಲಿಫ್ಟಿನ ಹತ್ತಿರವೇ ಇಟ್ಟು ಕೂಗಿ ಹೇಳಿ ಹೋಗುತ್ತಿದ್ದರು. ನನ್ನ ಗಂಡ ಅದನ್ನು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಯ ಅಡಿಯಿಂದ ಎತ್ತಿಕೊಂಡು ಬಂದಾಗ ಅಂಗೈಯಗಲದ ಮರಿ. ಕಾಮೋಠೆಯ ನಮ್ಮ ಫ್ಲ್ಯಾಟಿನಲ್ಲಿ ಅದಕ್ಕೆ ಮೈ ಬಂತು, ಬುದ್ಧಿ ಬರಲಿಲ್ಲ.

ಹೀಗಿರುವಾಗ ಡೊಂಬಿವಲಿಯಲ್ಲಿ ಭಾವನ ಮನೆಯಲ್ಲಿದ್ದ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆಯಿತು. ಭಾವನದು ಹಳೆಯ ಬಿಲ್ಡಿಂಗ್, ಮೂರನೇ ಮಹಡಿ, ಲಿಫ್ಟ್ ಇಲ್ಲ. ನಮ್ಮಲ್ಲಿ ಇದೆ. ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೇ ಎಂದು ತೀರ್ಮಾನವಾಯಿತು. ಆಮೇಲೆ ಭಾವ ನನಗೆ ಫೋನ್ ಮಾಡಿದರು.

"ನೋಡು, ಅಮ್ಮ ವಾಕರ್ ಹಿಡ್ಕೊಂಡು ನಿಂತಾಗ ನಿಮ್ಮ ನಾಯಿ ಒಂದು ಸಲ ಹಾರಿದ್ರೆ ಮುಗೀತು. ಇನ್ನೊಮ್ಮೆ ಬಿದ್ರೆ ಕಷ್ಟ ಅಂತ ಡಾಕ್ಟ್ರು ಹೇಳಿದ್ದಾರೆ. ರಬಾಳೆಯಲ್ಲಿ ನನ್ನ ಫ್ರೆಂಡಿಂದು ಗೋಡೌನ್ ಉಂಟು, ಅಲ್ಲಿ ಕಟ್ಟಿಹಾಕುವ ಅದನ್ನು."

"ಬೇಡ ಭಾವ, ಅವರು ಬರೋಷ್ಟರಲ್ಲಿ ಕಲಿಸ್ತೀನಿ. ಕಲೀದಿದ್ರೆ ನಾನೇ ಬಿಟ್ಟುಬರ್ತೀನಿ" ಎಂದುಬಿಟ್ಟೆ. ಫೋನ್ ಇಟ್ಟು ನಾಯಿಯ ಕಡೆ ನೋಡಿದೆ. ಕೂರು ಎಂದರೆ ಬಾಲ ಅಲ್ಲಾಡಿಸುವುದು ಬಿಟ್ಟು ಆ ಪ್ರಾಣಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲೇ ಕಟ್ಟಿಹಾಕೋಣವೆಂದರೆ ಬಿಲ್ಡಿಂಗಿಗೆಲ್ಲ ಕೇಳುವಂತೆ ಊಳಿಡುತ್ತಿತ್ತು.

ಬಾಲ್ಕನಿ ಬಾಗಿಲ ಹತ್ತಿರ ಒಂದು ಹಳೆಯ ಕಾಲೊರಸು ಹಾಕಿದೆ. ಬಿಸ್ಕೆಟ್ ಚೂರನ್ನು ಮೂಗಿನ ಮುಂದೆ ಹಿಡಿದು ಮೇಲೆತ್ತಿ "ಕೂರು" ಎಂದರೆ ತಲೆ ಮೇಲೆ ಹೋಗಿ ಹಿಂಭಾಗ ತಾನಾಗಿ ಕೆಳಗಿಳಿಯುತ್ತಿತ್ತು. ಅದನ್ನು ಬೇಗ ಕಲಿತಿತು. ಕಷ್ಟವಾದದ್ದು "ಇರು". ಅಂಗೈ ತೋರಿಸಿ "ಇರು" ಎಂದು ನಾನು ಹಿಂದೆ ಸರಿಯಬೇಕು, "ಬಾ" ಎನ್ನುವ ತನಕ ಅದು ಅಲ್ಲಾಡಬಾರದು. ನಾನು ಒಂದು ಹೆಜ್ಜೆ ಇಟ್ಟರೆ ಅದೂ ಇಡುತ್ತಿತ್ತು. ವಾಕರ್ ಅಭ್ಯಾಸವಾಗಲೆಂದು ನನ್ನ ಗಂಡ, ಅತ್ತೆಯ ಹಾಗೆ ಸೊಂಟ ಬಗ್ಗಿಸಿ, ಪ್ಲಾಸ್ಟಿಕ್ ಕುರ್ಚಿ ತಳ್ಳುತ್ತ "ಅಯ್ಯೋ ರಾಮಾ" ಎನ್ನುತ್ತ ಹಾಲ್ ತುಂಬ ನಡೆದರು. ಆಟವೆಂದುಕೊಂಡು ಅದು ಕುರ್ಚಿಯ ಮೇಲೇ ಹತ್ತಿತು. ಮಗಳು ಬಿದ್ದು ಬಿದ್ದು ನಕ್ಕಳು.

"ಮಮ್ಮಿ, ಇತನಾ ಟೆನ್ಶನ್ ಮತ್ ಲೋ ನಾ!"

"ಟೆನ್ಶನ್ ತಗೊಳ್ದೆ ಇನ್ನೇನು ಮಾಡ್ಲಿ? ರಬಾಳೆಗೆ ನೀನು ಹೋಗಿ ಇರ್ತೀಯಾ ಅದರ ಜೊತೆ?" ಎಂದು ರೇಗಿದೆ. ಪಾಪ, ಅವಳ ಮುಖ ಸಣ್ಣಗಾಯಿತು.

ಅತ್ತೆ ಬರುವ ದಿನ ಹತ್ತಿರವಾದಂತೆ ನಾಯಿ ಪರವಾಗಿಲ್ಲ ಎನ್ನುವಷ್ಟು ಕಲಿತಿತ್ತು, ನಾನು ಮಾತ್ರ ಕೆಟ್ಟಿದ್ದೆ. ಆಫೀಸಿನ ಮೀಟಿಂಗಿನಲ್ಲೂ ಕಣ್ಣ ಮುಂದೆ ಅತ್ತೆ ಬೀಳುತ್ತಿದ್ದರು. ಹಿಂದಿನ ದಿನ ಬೇರೆ, ಹಾಲಿನವನನ್ನು ಕಂಡು ಅದು ಎದ್ದು ಓಡಿತು.

ಕೊನೆಗೂ ಲಿಫ್ಟಿನ ಬಾಗಿಲು ತೆರೆದ ಸದ್ದು, ಹಿಂದೆಯೇ ವಾಕರಿನ ಟಕ್ ಟಕ್. ಆರತಿ ಎತ್ತದೆ ಒಳಗೆ ಕರೆಯುವ ಹಾಗಿಲ್ಲ. ಒಂದು ಕೈಯಲ್ಲಿ ಕೆಂಪು ನೀರಿನ ತಟ್ಟೆ, ಇನ್ನೊಂದು ಅಂಗೈ ಕಾಲೊರಸಿನ ಮೇಲೆ ಕೂತ ನಾಯಿಯ ಕಡೆಗೆ. "ಇರು, ಇರು" ಎನ್ನುತ್ತಲೇ ಅತ್ತೆಗೆ ಆರತಿ ಎತ್ತಿದೆ. ನೀರು ಅರ್ಧ ನನ್ನ ಸೀರೆಯ ಮೇಲೆ. ಅತ್ತೆ ಒಳಗೆ ಬಂದು ದಿವಾನದ ಮೇಲೆ ಕೂತರು. ನಾಯಿಯ ಮೈಯೆಲ್ಲ ನಡುಗುತ್ತಿತ್ತು, ಕಾಲೊರಸು ಬಿಟ್ಟು ಕದಲಲಿಲ್ಲ.

ಚಹಾ ಆಯಿತು. ಅತ್ತೆಯನ್ನು ಕರೆತಂದಿದ್ದ ಭಾವನನ್ನು ಸ್ಟೇಶನ್ನಿಗೆ ಬಿಡಲು ನನ್ನ ಗಂಡ ಹೋದರು, ಮಗಳು ಕ್ಲಾಸಿಗೆ ಹೋದಳು. ನಾನು "ಬಾ" ಎನ್ನಲೇ ಇಲ್ಲ. ಧೈರ್ಯ ಬರಲಿಲ್ಲ. ಅತ್ತೆ ನೀರಿಗೆ ಕೈ ಚಾಚಿದರೆ "ಕೂತ್ಕೊಳ್ಳಿ, ನಾನು ಕೊಡ್ತೀನಿ" ಎಂದೆ. ಕಾಲು ಕೆಳಗಿಟ್ಟರೆ "ಏಳ್ಬೇಡಿ, ಇರಿ" ಎಂದೆ. ನಡುನಡುವೆ ನಾಯಿಯ ಕಡೆ ತಿರುಗಿ "ಇರು" ಎನ್ನುತ್ತಿದ್ದೆ.

ಅತ್ತೆ ಲೋಟ ಕೆಳಗಿಟ್ಟರು. "ಎಂತ ಮಾರಾಯ್ತಿ ಇದು? ಅದಕ್ಕೂ ಇರು, ನನಗೂ ಇರು. ಅದಕ್ಕಾದ್ರೆ ಬಿಸ್ಕೆಟ್ ಉಂಟು, ನನಗೆ ಅದೂ ಇಲ್ಲ."

"ಅಲ್ಲ ಅತ್ತೆ, ನೀವು ಬಿದ್ದುಗಿದ್ದರೆ..."

"ನಡೀಬೇಕು ಅಂತ ಡಾಕ್ಟ್ರೇ ಹೇಳಿದ್ದಾರೆ. ನಿನ್ನ ಹೆದರಿಕೆಗೆ ನಾನು ಹಾಸಿಗೆ ಹಿಡೀಲಿಕ್ಕಾಗುದಿಲ್ಲ. ಆಚೆ ಸರಿ."

ವಾಕರ್ ಎಳೆದುಕೊಂಡು ಎದ್ದೇಬಿಟ್ಟರು. ನಾನು ಕೈ ಚಾಚಿಕೊಂಡು ಪಕ್ಕದಲ್ಲೇ ಸರಿದೆ, ಅವರು ಮುಟ್ಟಲು ಬಿಡಲಿಲ್ಲ. ಟಕ್, ಟಕ್ ಎನ್ನುತ್ತ ನೇರ ಬಾಲ್ಕನಿಯ ಕಡೆಗೆ, ನಾಯಿಯ ಮುಂದಕ್ಕೇ ಹೋಗಿ ನಿಂತರು. ಅದು ಕತ್ತೆತ್ತಿ ಅವರನ್ನು ನೋಡಿತು, ಆಮೇಲೆ ನನ್ನನ್ನು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

"ಪಾಪದ್ದು, ಆಗಿಂದ ಕೂತುಂಟು. ನೀರು ಸಹ ಕುಡೀಲಿಲ್ಲ. ಕರಿ ಅದನ್ನು."

"ನೀವು ಮೊದಲು ಕೂತ್ಕೊಳ್ಳಿ ಅತ್ತೆ, ಆಮೇಲೆ."

"ನಾನು ನಿಂತಿರುವಾಗಲೇ ಕರಿ. ನಾಳೆಯೂ ನಾನು ನಿಲ್ಲಬೇಕಲ್ಲ ಈ ಮನೆಯಲ್ಲಿ?"

"ಬಾ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

ಅದಕ್ಕೆ ಕೇಳಿಸಿತು. ಎದ್ದು, ಮೈ ಕೊಡವಿ, ವಾಕರಿನ ರಬ್ಬರ್ ಪಾದಗಳನ್ನು ಒಂದೊಂದಾಗಿ ಮೂಸಿ, ಅತ್ತೆಯ ಸೀರೆಯ ನಿರಿಗೆಯನ್ನೂ ಮೂಸಿ, ನೀರಿನ ಬಟ್ಟಲಿಗೆ ಹೋಗಿ ಗಟಗಟನೆ ಕುಡಿಯತೊಡಗಿತು. ಅತ್ತೆ ಅದು ಕುಡಿಯುವುದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಮುಖ ನೋಡಿದರು. ನಾನಿನ್ನೂ ಎರಡೂ ಕೈ ಅವರತ್ತ ಚಾಚಿಕೊಂಡೇ ನಿಂತಿದ್ದೆ.

"ಇನ್ನು ನೀನು ಕೂರು" ಎಂದರು.

ಅಲ್ಲೇ, ಕಾಲೊರಸಿನ ಮೇಲೆ, ಕೂತುಬಿಟ್ಟೆ.