ಡಾರ್ಸೆಟ್ ನಕ್ಷೆಯಲ್ಲಿದ್ದ ರಸ್ತೆಗಳು

2022ರ ಮಾರ್ಚ್‌ನ ಒಂದು ಶನಿವಾರ, ಮಧ್ಯಾಹ್ನ ಮೂರರ ಸುಮಾರಿಗೆ, ಚಾಟ್ಸ್‌ವರ್ತ್‌ನಲ್ಲಿ ಶ್ರೀಕಂಠ ಅಂಕಲ್ ಅವರ ಫ್ರೇಮ್ ಹಾಕುವ ವರ್ಕ್‌ಶಾಪಿನಲ್ಲಿ, ಮೇಜಿನ ಎಡಬದಿಗೆ ನಿಂತು ನಾನು ಸುಳ್ಳು ಹೇಳಿದೆ. ಸುಮನಾ, ನೀನು ಎದುರಿಗಿದ್ದೆ.

ಮೇಜಿನ ಮೇಲಿದ್ದುದು ಅಂಕಲ್ ಅವರ ಹಳೆಯ ಇಂಗ್ಲಿಷ್ ನಕ್ಷೆ—ಡಾರ್ಸೆಟ್ ಕೌಂಟಿಯದು. ಅದು ಮೊದಲ ಮುದ್ರಣ ಎಂದು ಹಿಂದಿನ ವರ್ಷ ನಾನೇ ಹೇಳಿದ್ದೆ. ಸ್ಯಾನ್ ಡಿಯಾಗೊದ ಸೊರೆಂಟೊ ವ್ಯಾಲಿಯಲ್ಲಿ ಚಿಪ್ ವಿನ್ಯಾಸಗಳನ್ನು ತಾಳೆ ನೋಡುವುದು ನನ್ನ ಕೆಲಸ. ಅಲ್ಲಿ ಒಂದು ಗೆರೆ ಬದಲಾದರೂ ಮೂಲೆಯ ರಿವಿಜನ್ ನಂಬರ್ ಬದಲಾಗಲೇಬೇಕು. ನಕ್ಷೆಯ ಮೂಲೆಯಲ್ಲಿದ್ದ ಇಸವಿಯನ್ನೂ ಹಾಗೆಯೇ ನಂಬಿಬಿಟ್ಟೆ. ಆದರೆ ಆ ಮುದ್ರಕರು ಇಸವಿಯನ್ನು ಮುಟ್ಟದೆ, ಅದೇ ತಾಮ್ರದ ಫಲಕದಲ್ಲಿ ಹೊಸ ರಸ್ತೆಗಳನ್ನು ಕೊರೆದು, ಮತ್ತೆ ಮತ್ತೆ ಅಚ್ಚು ಹಾಕಿದ್ದರು; ಮೊದಲ ಮುದ್ರಣದಲ್ಲಿ ರಸ್ತೆಗಳೇ ಇರಲಿಲ್ಲ.

ಪೊಮೊನಾದಲ್ಲಿ ಓದುತ್ತಿದ್ದ ನೀನು, ಅಂಕಲ್ ಅವರ ಸಂಗ್ರಹದ ಪಟ್ಟಿ ಮಾಡಲೆಂದು ಅದನ್ನು ಹದಿನೈದು ದಿನ ಒಯ್ದು, ಸರಿಯಾಗಿಯೇ ಬರೆದು ತಂದಿದ್ದೆ: ರಸ್ತೆಗಳಿವೆ, ಆದ್ದರಿಂದ ಬಹಳ ತಡವಾದ ಮುದ್ರಣ.

"ಹದಿನೈದು ದಿನಕ್ಕೆ ಇಂಗ್ಲೆಂಡಿಗೆಲ್ಲಾ ರೋಡ್ ಹಾಕ್ಸಿದ್ದೀಯಲ್ಲಮ್ಮ! ಕಂಟ್ರಾಕ್ಟರ್ ಯಾರು?" ಎಂದರು, ನಕ್ಷೆಯ ಗೆರೆಗಳನ್ನು ಎಂದೂ ಗಮನಿಸದೆ ನನ್ನ ಮಾತನ್ನೇ ನಂಬಿದ್ದ ಅಂಕಲ್. "ನನ್ ಮ್ಯಾಪ್ ಎಲ್ಲಿ?"

"ಇದೇ ಅಂಕಲ್ ನಿಮ್ದು. ಅಣ್ಣಾ, ನೀವಾದ್ರೂ ಹೇಳಿ."

ನಾನು ಫೋನ್ ತೆರೆದೆ. ಹಿಂದಿನ ವರ್ಷ ತೆಗೆದಿದ್ದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದೆ—ಅದೇ ಅಂಚಿನ ಕಂದು ಕಲೆ, ಅದೇ ಜೋಡಿ ಗೆರೆಯ ರಸ್ತೆಗಳು. ಎಲ್ಲವೂ ಆಗಲೇ ಇದ್ದವು. ಕಾಫಿ ತಂದ ಅಂಕಲ್ ಅವರ ಹೆಂಡತಿ ವಿಮಲಾ ಆಂಟಿ ನನ್ನ ಪಕ್ಕದಲ್ಲೇ ಇದ್ದರು. ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು.

"ನಾನ್ ನೋಡ್ದಾಗ ರೋಡ್ ಇರ್ಲಿಲ್ಲ ಅಂಕಲ್."

ಎಲ್ಲರೆದುರು ನನ್ನ ಕಣ್ಣನ್ನು ಅಂಕಲ್ ಹೊಗಳುತ್ತಿದ್ದರು, ಅದು ಸುಳ್ಳಾದರೆ—ಇಲ್ಲ, ಇದನ್ನು ಕಾರಣವೆಂದು ಮುಂದಿಡಲಾರೆ.

"ಬ್ಯಾಗ್ ಬಿಚ್ಚು," ಎಂದರು ಅವರು. ನೀನು ಬಿಚ್ಚಿದೆ. ಎರಡು ಪುಸ್ತಕ, ನೀರಿನ ಬಾಟಲಿ, ಅರ್ಧ ತಿಂದ ಚಪಾತಿ. ಆಮೇಲೆ ಇಲ್ಲಿನ ನಮ್ಮ ಕನ್ನಡದವರ ಯಾವ ಮನೆಗೂ ನಿನ್ನನ್ನು ಕರೆಯಲಿಲ್ಲ. ನಿನ್ನ ಹೆಸರು ಬಂದಾಗಲೆಲ್ಲ ನಾನು ತಟ್ಟೆ ನೋಡುತ್ತಿದ್ದೆ. ಎದುರಿಗಿದ್ದವರಿಗೆ ಏನಾದರೂ ಗೊತ್ತಿದೆಯೇ—ಒಬ್ಬೊಬ್ಬರನ್ನೂ ಅನುಮಾನಿಸುತ್ತಿದ್ದೆ.

ಹೋದ ವರ್ಷ ಅಂಕಲ್ ತೀರಿಕೊಂಡರು, ನಿನ್ನನ್ನು ಕಳ್ಳಿಯೆಂದೇ ನಂಬಿಕೊಂಡು. ಈ ಬರಹವನ್ನೂ ಫೋಟೋವನ್ನೂ ಆ ಮನೆಗಳಿಗೆಲ್ಲ ಕಳಿಸುತ್ತಿದ್ದೇನೆ. ನನ್ನ ಮಾತನ್ನು ನೀನು ನಂಬಬೇಕಿಲ್ಲ. ಅಂದು ಆ ಪರದೆಯನ್ನು ನೋಡಿದವರು ಇನ್ನೊಬ್ಬರಿದ್ದಾರೆ—ವಿಮಲಾ ಆಂಟಿ. ಬದುಕಿದ್ದಾರೆ, ಚಾಟ್ಸ್‌ವರ್ತ್‌ನ ಅದೇ ಮನೆಯಲ್ಲಿ.