ಮನೇಲಿರ್ತೀರಾ ಎಂದು ಕೇಳಿ ಹೋದ ಭಾನುವಾರ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ 'ಇಳೀಬೇಕು' ಎಂದು ಕೂಗಲು ಹೆದರಿ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದುಕೊಂಡು ಬಂದವಳು ನಾನು. ಇಂಥವಳು ಮನೆಮನೆಗೆ ಹೋಗಿ ಜೀವ ವಿಮೆ ಮಾರುವುದೆಂದರೆ ಯಾರಾದರೂ ನಗಬೇಕು. ಆದರೆ ಬಸವೇಶ್ವರನಗರದಲ್ಲಿ ನಾನು ಆರು ವರ್ಷ ಲೆಕ್ಕ, ಹಾಜರಿ, ಫೋನು ಎಲ್ಲಾ ನೋಡಿಕೊಳ್ಳುತ್ತಿದ್ದ ಟ್ಯೂಷನ್ ಸೆಂಟರು ಬಾಗಿಲು ಹಾಕಿತ್ತು. ವಯಸ್ಸು ಮೂವತ್ತೆರಡು, ಮದುವೆಯಾಗಿಲ್ಲ, ಮನೆಯಲ್ಲಿ ಅಮ್ಮ ಒಬ್ಬಳೇ. ನಾಲ್ಕು ತಿಂಗಳು ಅರ್ಜಿ ಹಾಕಿದರೂ 'ಬನ್ನಿ' ಎಂದವರು ಈ ಇನ್ಶೂರೆನ್ಸಿನವರು ಮಾತ್ರ.

ಆಫೀಸು ರಾಜಾಜಿನಗರದಲ್ಲಿ, ಒಂದು ಬೇಕರಿಯ ಮೇಲೆ. ಮೂರು ದಿನ ಪಾಠ ಮಾಡಿದರು. ಮ್ಯಾನೇಜರ್ ಮೇಡಂ ನಲವತ್ತೈದರ ಹೆಂಗಸು, ಮಾತು ಮಾತ್ರ ಒಗ್ಗರಣೆ ಸಿಡಿದ ಹಾಗೆ. ಮೂರನೇ ದಿನ ಒಂದು ಬಿಳಿ ಹಾಳೆ ಕೊಟ್ಟರು.

"ನೂರು ಜನರ ಹೆಸರು ಬರೀರಿ. ನಿಮ್ಮ ಫೋನ್ ಎತ್ತೋ ಜನ. ಸೋಮವಾರ ಬಂದು ಸೇರ್ತೀರೋ ಇಲ್ವೋ ಹೇಳಿ. ಅದಕ್ಕೂ ಮುಂಚೆ ಒಬ್ಬರ ಮನೆಗೆ ಹೋಗಿ ಮಾತಾಡಿ ನೋಡಿ. ಈಗಲೇ ಮಾರೋ ಹಾಗಿಲ್ಲ, ನಿಮಗಿನ್ನೂ ಏಜೆಂಟರ ಪರೀಕ್ಷೆ ಆಗಿಲ್ಲ. ಆ ಮಾತು ನಿಮ್ಮ ಬಾಯಿಂದ ಬರುತ್ತಾ ಅಂತ ನೋಡ್ಕೊಳ್ಳಿ, ಅಷ್ಟೇ."

ಜೊತೆಗೆ ಮೂರು ನಿಯಮ. ಹೇಳದೇ ಕೇಳದೇ ಹೋಗಬೇಡಿ, ಫೋನ್ ಮಾಡಿ ಸಮಯ ಕೇಳಿ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರುವ ಹೊತ್ತಿಗೇ ಹೋಗಿ. ವಿಷಯ ಏನು ಎಂದು ಫೋನಿನಲ್ಲಿ ಬಿಡಬೇಡಿ.

'ಆ ಮಾತು' ಎಂದರೆ ಯಾವುದು ಎಂದು ಹೇಳಬೇಕಾಗಿಲ್ಲ. ನಾಳೆ ನಿಮಗೇನಾದರೂ ಆದರೆ. ಅದನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಒಂದು ಸಲ ಸ್ವಲ್ಪ ಜೋರಾಗಿಯೇ ಬಂತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಬಿಡ್ತು ಅನ್ನೇ! ದೀಪ ಹಚ್ಚೋ ಹೊತ್ತಲ್ಲಿ ಏನು ಮಾತು ಇದು? ಅನ್ನು!"

"ಬಿಡ್ತು" ಎಂದೆ.

ನಮ್ಮ ಮನೆಯಲ್ಲಿ ಕೆಟ್ಟ ಮಾತು ಆಡಿದ ಬಾಯಿಯಿಂದಲೇ ಬಿಡ್ತು ಎನ್ನಿಸಿ ಅದನ್ನು ವಾಪಸ್ ತೆಗೆಸುತ್ತಾರೆ. ಮೇಲಿರುವ ದೇವತೆಗಳು ತಥಾಸ್ತು ಎಂದುಬಿಡುವ ಮೊದಲು. ನಗಬೇಡಿ, ಓದಿಕೊಂಡಿರುವ ನಾನೂ ನಂಬುತ್ತೇನೆ. ನಂಬಿಕೆಯೂ ಅಲ್ಲ, ಭಯ. ನಾನು ಒಬ್ಬರ ಮನೆಯಲ್ಲಿ ಆ ಮಾತಾಡಿ ಬಂದ ಮೇಲೆ ಅವರಿಗೆ ನಿಜವಾಗಿ ಏನಾದರೂ ಆದರೆ? ನನ್ನ ಮುಖವನ್ನು ಆಮೇಲೆ ಯಾರು ನೋಡುತ್ತಾರೆ?

ಪಟ್ಟಿಯ ಮೊದಲ ಹೆಸರು ಮಾವನದು. ಮಾರೇನಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಗಂಡ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಅಪ್ಪ ಹೋದ ಮೇಲೆ ಉಳಿದ ನೆಂಟರು ಒಬ್ಬೊಬ್ಬರಾಗಿ ಜಾರಿಕೊಂಡರು, ಅತ್ತೆ ಜಾರಲಿಲ್ಲ. ಹಬ್ಬಕ್ಕೆ ಸೀರೆ, ಅಮ್ಮನಿಗೆ ಜ್ವರ ಬಂದರೆ ಗಂಜಿ, ಎಲ್ಲಾ ಅಲ್ಲಿಂದಲೇ. ಆ ಒಂದು ಬಾಗಿಲೂ ಮುಚ್ಚಿಕೊಂಡರೆ ನಮಗೆ ಈ ಊರಿನಲ್ಲಿ ಯಾರೂ ಇಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು. ಕೆಲಸವೂ ಬೇಕು, ಅತ್ತೆಯೂ ಬೇಕು.

ಗುರುವಾರ ಧೈರ್ಯ ಮಾಡಿ ಫೋನ್ ಮಾಡಿದೆ.

"ಅತ್ತೆ, ಭಾನುವಾರ ಬೆಳಗ್ಗೆ ಮನೇಲಿರ್ತೀರಾ? ಮಾವನೂ ಇರ್ಬೇಕು."

"ಯಾಕೇ, ಏನು ವಿಷಯ?"

"ಫೋನಲ್ಲಿ ಬೇಡ ಅತ್ತೆ. ಬಂದೇ ಹೇಳ್ತೀನಿ."

ಅತ್ತೆಯ ದನಿ ಅರಳಿತು. "ಬಾರೇ ಬಾ! ನಾವೆಲ್ಲಿಗೂ ಹೋಗಲ್ಲ, ಕಾಯ್ತಾ ಇರ್ತೀವಿ." ಇಷ್ಟು ಸಲೀಸಾ ಎಂದು ನನಗೇ ಆಶ್ಚರ್ಯ. ಸುಮ್ಮನೆ ಹೆದರಿ ಸತ್ತೆನಲ್ಲ ಎಂದುಕೊಂಡೆ.

ಭಾನುವಾರ ಅತ್ತೆಯ ಮನೆಯ ಮುಂದೆ ದೊಡ್ಡ ರಂಗೋಲಿ. ಒಳಗೆ ಮಾವ ಗಿರಣಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಕುಳಿತಿದ್ದರು. ಅತ್ತೆ ಮೈಸೂರು ಸಿಲ್ಕ್ ಉಟ್ಟಿದ್ದಳು. ಟೀಪಾಯಿಯ ಮೇಲೆ ಅರಿಶಿನ ಕುಂಕುಮದ ತಟ್ಟೆ, ಮನೆಯೆಲ್ಲಾ ಕೇಸರಿಬಾತಿನ ಘಮ. ಯಾವ ಹಬ್ಬ ಇವತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ಅಮ್ಮ ಎಲ್ಲೇ? ಕರೆಯೋಕೆ ಯಾರಾದ್ರೂ ಒಬ್ಬರೇ ಬರ್ತಾರಾ?" ಎನ್ನುತ್ತಾ ಅತ್ತೆ ನನ್ನ ಗಲ್ಲ ಹಿಡಿದಳು. ಅವಳ ಕಣ್ಣು ತುಂಬಿತ್ತು. "ಹೋಗ್ಲಿ ಬಿಡು. ಹುಡುಗ ಏನ್ಮಾಡ್ಕೊಂಡಿದಾನೆ?"

ಆಗ ಹೊಳೆಯಿತು. ಅಯ್ಯೋ ಶಿವನೇ! ನಮ್ಮ ಜನ ಯಾವತ್ತು ಫೋನ್ ಮಾಡಿ ನೆಂಟರ ಮನೆಗೆ ಹೋದದ್ದುಂಟು? ಹೊಳೆದಾಗ ಹೋಗುತ್ತೇವೆ, ಬಾಗಿಲು ತಟ್ಟುತ್ತೇವೆ, ಇದ್ದರೆ ಕಾಫಿ, ಇಲ್ಲದಿದ್ದರೆ ವಾಪಸ್. 'ಮನೇಲಿರ್ತೀರಾ, ಇಬ್ಬರೂ ಇರಿ, ಬಂದೇ ಹೇಳ್ತೀವಿ' ಎಂದು ಕೇಳಿ ಹೋಗುವುದು ಒಂದೇ ಒಂದು ಕೆಲಸಕ್ಕೆ, ಲಗ್ನಪತ್ರಿಕೆ ಕೊಡುವುದಕ್ಕೆ. ಮೇಡಂ ಕಲಿಸಿದ ಮೂರು ನಿಯಮವನ್ನೂ ಅಚ್ಚುಕಟ್ಟಾಗಿ ಪಾಲಿಸಿ, ಮೂವತ್ತೆರಡು ವರ್ಷದ ನಾನು ನನ್ನ ಮದುವೆಗೆ ಕರೆಯಲು ಬಂದವಳಾಗಿ ನಿಂತಿದ್ದೆ.

ಬಾಯಿ ಬಿಡುವಷ್ಟರಲ್ಲಿ ಅತ್ತೆ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಆಫೀಸಿನ ಲಕೋಟೆ ಎಳೆದುಕೊಂಡಳು. "ಮೊದಲು ದೇವರ ಮುಂದೆ ಇಡ್ತೀನಿ ತಾಳು" ಎಂದು ಬೆರಳಿಗೆ ಕುಂಕುಮ ತೆಗೆದುಕೊಂಡು ಒಳಗಿದ್ದ ಕಾಗದ ಬಿಡಿಸಿದಳು. ನಗುವ ಗಂಡ, ಹೆಂಡತಿ, ಎರಡು ಮಕ್ಕಳ ಬಣ್ಣದ ಫೋಟೋ. ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಜೀವ ವಿಮೆ."

ಅತ್ತೆಯ ಕುಂಕುಮದ ಬೆರಳು ಹಾಗೇ ನಿಂತಿತು. "ಮದುವೆ ಅಲ್ವಾ?"

"ಅಲ್ಲ ಅತ್ತೆ. ಕೆಲಸ. ಇನ್ನೂ ಸೇರಿಲ್ಲ. ಸುಮ್ನೆ ಮಾತಾಡಿ ನೋಡೋಣ ಅಂತ... ಈಗ ಮಾವನಿಗೆ ನಾಳೆ ಏನಾದ್ರೂ..."

"ಬಾಯ್ಮುಚ್ಚು! ಇದಕ್ಕಾ ಇಬ್ಬರೂ ಮನೇಲಿರಿ ಅಂದಿದ್ದು? ಕುಂಕುಮ ಇಟ್ಕೊಂಡು ಕೂತಿದೀನಿ ನಾನು, ನನ್ನೆದುರಿಗೇ ನನ್ನ ಗಂಡನ ಸಾವಿನ ಮಾತಾಡ್ತೀಯಲ್ಲೇ! ಬಿಡ್ತು ಅನ್ನು!"

"ಬಿಡ್ತು" ಎಂದೆ. "ಬಿಡ್ತು, ಬಿಡ್ತು." ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಿಟ್ಟಿನಲ್ಲೂ ಕೇಸರಿಬಾತ್ ತಂದು ಮುಂದೆ ಕುಕ್ಕಿದಳು. ತಿಂದೆ. ತಟ್ಟೆ ಖಾಲಿ ಮಾಡಿದೆ. 'ಬರ್ತೀನಿ ಅತ್ತೆ' ಎಂದರೆ ಅವಳು ತಿರುಗಿಯೂ ನೋಡಲಿಲ್ಲ. ಮೆಟ್ಟಿಲಿಳಿಯುವಾಗ ತೀರ್ಮಾನ ಆಗಿಹೋಗಿತ್ತು. ಸೋಮವಾರ ಮೇಡಂಗೆ ನನ್ನ ಕೈಲಾಗಲ್ಲ ಎಂದು ಹೇಳುವುದು, ಮತ್ತೆ ಆ ಕಡೆ ತಲೆ ಹಾಕದಿರುವುದು.

ಗೇಟಿನ ಹತ್ತಿರ ಹಿಂದೆ ಚಪ್ಪಲಿಯ ಸದ್ದಾಯಿತು. ಮಾವ. ಕೈಯಲ್ಲಿ ಹಾಲು ತರುವ ನೆಪಕ್ಕೆ ಒಂದು ಚೀಲ. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಒಮ್ಮೆ ಮೇಲೆ ಕಿಟಕಿ ನೋಡಿ ದನಿ ತಗ್ಗಿಸಿದರು.

"ಅದನ್ನ ಈಗ ಮಾಡಿಸಬಹುದಾ? ನನ್ನ ಹೆಸರಿಗೆ?"

"ಯಾಕೆ ಮಾವ?" ಎಂದೆ.

"ಹೋದ ತಿಂಗಳು ಗಿರಣೀಲಿ ಎದೆ ಹಿಡ್ಕೊಂಡಂಗಾಯ್ತು. ಒಬ್ಬನೇ ಹೋಗಿ ತೋರಿಸ್ಕೊಂಡು ಬಂದೆ. ಬ್ಲಾಕ್ ಇರಬಹುದು, ಬೇಗ ಆಂಜಿಯೋಗ್ರಾಂ ಮಾಡಿಸಿ ಅಂದ್ರು." ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ತೋರಿಸಿದರು. ಮಡಿಕೆಯ ಗೆರೆಗಳಲ್ಲಿ ಅದು ಹರಿಯುತ್ತಾ ಬಂದಿತ್ತು. "ನಿಮ್ಮತ್ತೆಗೆ ಹೇಳೋಕೆ ಎರಡು ಸಲ ಹೋದೆ. ನನಗೇನಾದ್ರೂ ಆದ್ರೆ ಅನ್ನೋಷ್ಟರಲ್ಲಿ ಬಿಡ್ತು ಅನ್ರೀ ಅಂದ್ಲು. ಅಂದೆ. ಸುಮ್ನಾದೆ."

"ಈಗ ಕೊಡಲ್ಲ ಮಾವ. ಮೊದಲು ಚಿಕಿತ್ಸೆ ಆಗ್ಬೇಕು. ಆಮೇಲೂ ಕೊಡ್ತಾರೋ ಇಲ್ವೋ."

"ಈ ಚೀಟಿ ವಿಷಯ ಹೇಳದೇ ಇದ್ರೆ?"

"ಮುಚ್ಚಿಟ್ರೆ ಆಮೇಲೆ ಅತ್ತೆ ಕೈಗೆ ಏನೂ ಬರಲ್ಲ."

ಮಾವ ತಲೆಯಾಡಿಸಿ ಚೀಟಿಯನ್ನು ಅದೇ ಗೆರೆಗಳಲ್ಲಿ ಮಡಿಸಿದರು. "ಹೋದ ವರ್ಷ ಬರ್ಬಾರ್ದಿತ್ತೇನೇ ನೀನು?" ಎಂದರು. ಆಮೇಲೆ, "ಅತ್ತೆಗೆ ಹೇಳ್ಬೇಡ."

ನನ್ನ ಜೀವಮಾನದಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ಮೊದಲು ನನಗಿದ್ದದ್ದು ಅತ್ತೆ ಬೈದಾಳೆಂಬ ಹೆದರಿಕೆ. ಈಗ, ನಾನು ಸುಮ್ಮನೆ ಬಸ್ಸು ಹತ್ತಿ ಹೋದರೆ ಈ ಮನುಷ್ಯ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಗಿರಣಿಯಲ್ಲಿ ಬಿದ್ದುಬಿಡುತ್ತಾರೆ ಎನ್ನುವುದು. ನಾನು ತಿರುಗಿ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಮಾವ "ಏ, ನಿಲ್ಲೇ, ನಿಲ್ಲು" ಎನ್ನುತ್ತಿದ್ದರು.

ಅತ್ತೆ ಅರಿಶಿನ ಕುಂಕುಮದ ತಟ್ಟೆ ಎತ್ತಿಡುತ್ತಿದ್ದಳು.

"ಅತ್ತೆ, ಮಾವನಿಗೆ ಎದೆ ನೋವು ಬಂದಿದೆ. ಡಾಕ್ಟರ್ ಚೀಟಿ ಜೇಬಲ್ಲಿದೆ. ಈ ವಾರ ಆಸ್ಪತ್ರೆಗೆ ಹೋಗ್ಲಿಲ್ಲ ಅಂದ್ರೆ ಅವರು ಉಳಿಯಲ್ಲ."

"ಬಿಡ್ತು ಅನ್ನು!" ಅತ್ತೆ ಕಿರುಚಿದಳು.

ನಾನು ಅನ್ನಲಿಲ್ಲ.

"ಅನ್ನೇ! ನಿನ್ನ ಕಾಲಿಗೆ ಬೀಳ್ತೀನಿ, ಅನ್ನೇ!"

ತುಟಿ ಕಚ್ಚಿಕೊಂಡು ನಿಂತೆ. ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ಅತ್ತೆ ಅವರ ಮುಖ ನೋಡಿದಳು, ಹೋಗಿ ಅವರ ಜೇಬಿಗೆ ತಾನೇ ಕೈ ಹಾಕಿದಳು. ಚೀಟಿ ಓದಲು ಅವಳಿಗೆ ಬಾರದು, ಇಂಗ್ಲಿಷು. ಅದನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.

ಸೋಮವಾರ ಬೆಳಗ್ಗೆ ಅತ್ತೆ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನನಗೆ ಫೋನ್ ಮಾಡಲಿಲ್ಲ, ಅಮ್ಮನಿಗೆ ಮಾಡಿ ಹೇಳಿದಳು. ನಾನು ಬೇಕರಿಯ ಮೇಲಿನ ಆಫೀಸಿಗೆ ಹೋದೆ.

"ಬಾಯಿಂದ ಬಂತಾ?" ಎಂದು ಮೇಡಂ ಕೇಳಿದರು.

"ಬಂತು ಮೇಡಂ."

"ಯಾರಿಗೆ ಹೇಳಿದ್ರಿ?"

ಮಾವನ ಎದೆ ನೋವು, ಚೀಟಿ, ಎಲ್ಲಾ ಹೇಳಿದೆ. ಅವರು ಸೇರುವ ಅರ್ಜಿಯನ್ನೂ ನನ್ನ ನೂರು ಹೆಸರಿನ ಹಾಳೆಯನ್ನೂ ಮುಂದಿಟ್ಟರು. "ಆ ಒಂದನೇ ಹೆಸರು ಹೊಡೆದುಹಾಕಿ. ಅವರಿಗೆ ಕೊಡೋಕಾಗಲ್ಲ."

ಕೈಲಾಗಲ್ಲ ಎನ್ನಬೇಕೆಂದಿದ್ದವಳು, 'ಹೋದ ವರ್ಷ ಬರ್ಬಾರ್ದಿತ್ತೇನೇ' ಎಂದ ಮಾವನನ್ನು ನೆನೆದು ಅರ್ಜಿಗೆ ಸಹಿ ಹಾಕಿದೆ. ಆಮೇಲೆ ಹಾಳೆ ಎಳೆದುಕೊಂಡು ಮಾವನ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ. ಎಳೆಯುವಾಗ, ಮೇಡಂಗೆ ಕೇಳಿಸದ ಹಾಗೆ, ಬಿಡ್ತು ಎಂದೆ.